ನಮ್ಮೋರೇ ಮಾತಾಡ್ಬೇಕು

ಗುಡ್ಡದ ಕ್ಯಾಂಪಿನಲ್ಲಿ ನಾನು ಕಲಿಸಿದ ಮೊದಲ ಇಂಗ್ಲಿಷ್ ಪದ ‘ವಾಟರ್’. ಶಾಲೆಯಲ್ಲಾಗಿದ್ದರೆ ‘ದಿಸ್ ಈಸ್ ಎ ಬುಕ್’ ಎಂದು ಶುರು ಮಾಡುತ್ತಿದ್ದೆ. ಅಲ್ಲಿ ತೋರಿಸಲು ಪುಸ್ತಕವಿರಲಿಲ್ಲ. ತಗಡಿನ ಶೆಡ್ಡಿನ ಮುಂದೆ ಹೆಂಗಸರು ಇಳಿಜಾರಿನ ಕೆಳಗಿಂದ ಕೊಡ ಹೊತ್ತು ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದರು. ಒಂದು ಕೊಡವನ್ನು ಇಳಿಸಿಕೊಂಡು ಅದನ್ನೇ ತೋರಿಸಿದೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಸಾಗರದಾಚೆಯ ಹೊಳೆಗೆ ದೊಡ್ಡ ಅಣೆಕಟ್ಟು ಕಟ್ಟುವ ಕೆಲಸಕ್ಕಾಗಿ ಮುಳುಗುವ ಊರುಗಳನ್ನು ಒಂದೊಂದಾಗಿ ಎಬ್ಬಿಸುತ್ತಿದ್ದರು. ಹಾಗೆ ಎದ್ದುಬಂದ ಒಂದು ಊರಿನವರನ್ನು ಸೊರಬದಿಂದ ಚಂದ್ರಗುತ್ತಿಗೆ ಹೋಗುವ ದಾರಿಯ ಪಕ್ಕದ ಕಲ್ಲುಗುಡ್ಡದ ಮೇಲೆ ಇಳಿಸಿದ್ದರು. ಖಾಯಂ ಜಾಗ ಗೊತ್ತಾಗುವವರೆಗೆ ಅದು ಕ್ಯಾಂಪು. ನಾನು ಆಗ ಶಿಕಾರಿಪುರದ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ.

ಕ್ಯಾಂಪಿನವರಿಗೆ ನೆರವಾಗಲು ನಮ್ಮೂರಿನಲ್ಲಿ ಒಂದು ಸಮಿತಿ ಆಗಿತ್ತು. ಅದರ ಅಧ್ಯಕ್ಷರು ಬಟ್ಟೆ ವ್ಯಾಪಾರಿ, ಖಾದಿ ಉಡುವವರು, ಊರಿನಲ್ಲಿ ಮಾತು ನಡೆಯುವವರು. ಒಂದು ಸಂಜೆ ಶಾಲೆಗೇ ಬಂದರು.

“ಟೀಚರ್, ಪಾಪ, ಹೊಳಿ ದಂಡಿ ಜನ. ನಾಕು ಮಾತು ಇಂಗ್ಲಿಷ್ ಬಂದ್ರೆ ಕಟ್ಟಿನ ಕೆಲಸಕ್ಕೆ ತಗೊಂತಾರಂತೆ. ಭಾನುವಾರ ಒಂದಿನ ನೀವು ಹೋಗಿ ಬರ್ರಿ. ಬಸ್ಸಿಂದು, ಊಟದ್ದು ನಮಗೆ ಬಿಡ್ರಿ.”

ನಾನು ಒಪ್ಪಿಕೊಂಡೆ. ಅಮ್ಮನಿಗೆ ಮಾತ್ರ ಸರಿಬರಲಿಲ್ಲ. “ವಾರವೆಲ್ಲ ಕೂಗಿ ಗಂಟಲು ಒಣಗಿಸ್ಕೊಂಡಿದ್ದು ಸಾಲದು ಅಂತ ಭಾನುವಾರನೂ ಹೊಂಟಿ” ಎಂದಳು. ಆದರೂ ಅವಲಕ್ಕಿ ಕಟ್ಟಿಕೊಟ್ಟಳು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಸೊರಬದಲ್ಲಿ ಮತ್ತೊಮ್ಮೆ ಬದಲಿಸಿ ಗುಡ್ಡದ ಬುಡದಲ್ಲಿ ಇಳಿಯುವಷ್ಟರಲ್ಲಿ ಹೊತ್ತು ನೆತ್ತಿಗೆ ಬರುತ್ತಿತ್ತು.

ಮೊದಲ ದಿನವೇ ಕ್ಯಾಂಪಿನ ಯಜಮಾನರು ನನ್ನನ್ನು ಕೂರಿಸಿಕೊಂಡು ಮಾತಾಡಿದರು. ಮುಳುಗುತ್ತಿದ್ದ ಊರಿನಲ್ಲಿ ಎಲ್ಲರ ವ್ಯಾಜ್ಯ ತೀರಿಸುತ್ತಿದ್ದ ಹಿರಿಯರು ಅವರು. ಹಲ್ಲು ಅರ್ಧ ಹೋಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

“ಅಕ್ಕೋರೇ, ಕೆಲ್ಸದ ಮಾತು ಆಮೇಲೆ. ಜಾಗ ಹಂಚೋ ದೊಡ್ಡ ಸಾಹೇಬರು ಉತ್ತರದ ಕಡೆಯೋರು. ಕನ್ನಡ ಬರಲ್ಲ. ಹಿಂದಿನ್ಸಲ ಬಂದಾಗ ನಾನು ಇಷ್ಟುದ್ದ ಹೇಳ್ದೆ. ಶೇಕ್ದಾರ್ರು ಎರಡು ಮಾತು ಇಂಗ್ಲಿಷಲ್ಲಿ ಅಂದು ಮುಗ್ಸಿದ್ರು. ಉಳಿದ ನನ್ನ ಮಾತೆಲ್ಲ ಎಲ್ಲಿಗೆ ಹೋಯ್ತು?”

ಶೇಕ್ದಾರರೆಂದರೆ ಆ ಹೋಬಳಿಯ ಕಂದಾಯದ ಅಧಿಕಾರಿ. ಕ್ಯಾಂಪಿನ ಉಸ್ತುವಾರಿ ಅವರದೇ.

“ಅದ್ಕೇ, ಇನ್ನೊಬ್ರ ಬಾಯಿ ಬ್ಯಾಡ. ಸಾಹೇಬರು ಮುಂದಿನ್ಸಲ ಬರೋದ್ರೊಳಗೆ ನಮ್ಮಲ್ಲೇ ಒಬ್ಬರಿಗಾದ್ರೂ ಬರ್ಬೇಕು. ನಮ್ಮ ಮಾತು ನಮ್ಮೋರೇ ಆಡ್ಬೇಕು.”

ಅವರಿಗೆ ಬೇಕಾಗಿದ್ದ ಜಾಗ ತಾಳಗುಂದದ ಆಚೆ ಇತ್ತು. ಒಂದು ಕೆರೆಯ ಕೆಳಗಿನ ಸರ್ಕಾರಿ ಬೀಳು. ಯಜಮಾನರು ಹೋಗಿ ನೋಡಿ, ಮಣ್ಣನ್ನು ಅಂಗೈಯಲ್ಲಿ ಹಿಸುಕಿ ಬಂದಿದ್ದರು. ಭತ್ತ ಬೆಳೆಯುವ ಮಣ್ಣು. ಗುಡ್ಡದ ಮೇಲಾದರೋ ಹಾರೆ ಹಾಕಿದರೆ ಕಿಡಿ ಏಳುತ್ತಿತ್ತು. ತೋಡಿದ ಬಾವಿಯಲ್ಲಿ ಬೇಸಿಗೆಗೆ ಮೊದಲೇ ತಳ ಕಾಣುತ್ತಿತ್ತು.

ಹೀಗೆ ನನ್ನ ತರಗತಿಗೆ ಒಂದು ಗುರಿ ಸಿಕ್ಕಿತು. ಶಾಲೆಯ ಪಾಠಕ್ರಮ ಬದಿಗಿಟ್ಟೆ. ಸಾಹೇಬರ ಮುಂದೆ ಹೇಳಬೇಕಾದದ್ದನ್ನು ಯಜಮಾನರಿಂದ ಕನ್ನಡದಲ್ಲಿ ಹೇಳಿಸಿ, ಅದನ್ನು ಸಣ್ಣ ಸಣ್ಣ ವಾಕ್ಯಗಳಾಗಿ ಒಡೆದು, ಆ ವಾಕ್ಯಗಳಿಗೆ ಬೇಕಾದ ವ್ಯಾಕರಣವನ್ನಷ್ಟೇ ಮೊದಲು ಕಲಿಸುವುದೆಂದು ತೀರ್ಮಾನಿಸಿದೆ.

ತರಗತಿಗೆ ಹತ್ತು ಹನ್ನೆರಡು ಜನ ಬಂದರು, ಎಲ್ಲರೂ ಪ್ರಾಯದವರು. ಗದ್ದೆಯಿದ್ದ ಮನೆಗಳಿಂದ ಯಾರೂ ಬರಲಿಲ್ಲ. “ಅವರು ಕಲಿತ್ರೆ ನಾವು ಕಲಿತ ಹಂಗೇ” ಎಂದು ಯಜಮಾನರು ನಕ್ಕುಬಿಟ್ಟರು. ನಾನೂ ಅದನ್ನು ಅಲ್ಲಿಗೇ ಬಿಟ್ಟೆ.

ಬಂದವರಲ್ಲಿ ಒಬ್ಬ ಮೂವತ್ತರ ಆಸುಪಾಸಿನವನು. ಹೊಳೆಯಲ್ಲಿ ದೋಣಿ ನಡೆಸುತ್ತಿದ್ದವನು, ಅವನ ಅಪ್ಪನೂ ಅದೇ ಮಾಡಿದ್ದನಂತೆ. ಕ್ಯಾಂಪಿನಲ್ಲಿ ಎಲ್ಲರೂ ಅವನನ್ನು ದೋಣಿಯಣ್ಣ ಎನ್ನುತ್ತಿದ್ದರು. ಘಟ್ಟದ ಕೆಳಗಿನ ಪ್ರಯಾಣಿಕರನ್ನು ದಾಟಿಸುತ್ತ ಕೊಂಕಣಿ, ತುಳು ಕಿವಿಯ ಮೇಲೆ ಬಿದ್ದೇ ಕಲಿತಿದ್ದ. ಇನ್ನೊಬ್ಬಳು ಬಾಣಂತನ ಮುಗಿಸಿ ಹೆಚ್ಚು ದಿನವಾಗದ ಹೆಂಗಸು. ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂರುತ್ತಿದ್ದಳು. ಅದು ಅತ್ತರೆ ಎದ್ದು ಶೆಡ್ಡಿನ ಆಚೆ ಹೋಗಿ ಅಲ್ಲಿಂದಲೇ ಉತ್ತರ ಕೂಗುತ್ತಿದ್ದಳು.

ಕಲಿಸುವುದು ಸುಲಭವಾಗಲಿಲ್ಲ. ನಮ್ಮ ನಾಲಿಗೆಗೆ ಪ್ರತಿ ಪದದ ಕೊನೆಗೂ ಒಂದು ಸ್ವರ ಬೇಕು. ‘ಲ್ಯಾಂಡು’, ‘ವೆಲ್ಲು’, ‘ಟ್ಯಾಂಕು’. ಪದ ಮುಗಿದೊಡನೆ ಕೈಯಿಂದ ಬಾಯಿ ಮುಚ್ಚಿಕೊಳ್ಳಿರಿ ಎಂದೆ. ಎಲ್ಲರೂ ಒಟ್ಟಿಗೆ ಬಾಯಿ ಮುಚ್ಚಿಕೊಂಡು, ಒಬ್ಬರನ್ನೊಬ್ಬರು ನೋಡಿ ನಕ್ಕು, ಆ ಹೊತ್ತಿನ ಪಾಠವೇ ಹಾಳಾಯಿತು. ಮುಂದಿನ ವಾರ ಅರ್ಧ ಜನಕ್ಕೆ ಜ್ವರ. ಅದರ ಮುಂದಿನ ವಾರ ಗಾಳಿಗೆ ಶೆಡ್ಡಿನ ತಗಡು ಹಾರಿಹೋಗಿತ್ತು. ಕರಿಹಲಗೆಗೆಂದು ಇದ್ದಿಲು ಅರೆದು ಬಳಿದಿದ್ದ ಮರದ ಹಲಗೆ ಮಳೆಯಲ್ಲಿ ನೆಂದು ಬಿಳಿಚಿಕೊಂಡಿತ್ತು.

ಹೆಚ್ಚು ಕಾಡಿದ್ದು ಪದಗಳ ಜಾಗ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ. ಎಷ್ಟು ಹೇಳಿದರೂ ‘ವೀ ಲ್ಯಾಂಡ್ ವಾಂಟ್’ ಎನ್ನುತ್ತಿದ್ದರು. ಕೊನೆಗೆ ಅವರನ್ನೇ ಪದಗಳನ್ನಾಗಿ ಮಾಡಿ ಸಾಲಾಗಿ ನಿಲ್ಲಿಸಿದೆ. ಒಬ್ಬ ‘ಯೂ’, ಒಬ್ಬ ‘ಆರ್’, ಮಗುವಿನ ತಾಯಿ ‘ಹ್ಯಾಪಿ’. ನೀವು ಸುಖವಾಗಿದ್ದೀರಿ. ‘ಆರ್’ ಆದವನು ‘ಯೂ’ ಆದವನ ಮುಂದೆ ಬಂದು ನಿಂತರೆ, ಸುಖವಾಗಿದ್ದೀರಾ ಎಂಬ ಪ್ರಶ್ನೆ. ‘ನಾಟ್’ ಆದವನು ನಡುವೆ ನುಗ್ಗಿದರೆ, ಇಲ್ಲ ಎಂದಂತೆ. ಇದು ಅವರಿಗೆ ಹಿಡಿಸಿತು. ‘ನಾಟ್’ ಆಗುವುದಕ್ಕೆ ಪೈಪೋಟಿ. ದೋಣಿಯಣ್ಣ ಒಂದೇ ಮಧ್ಯಾಹ್ನದಲ್ಲಿ ಗುಟ್ಟು ಹಿಡಿದು, ಉಳಿದವರನ್ನು ತಾನೇ ಹೆಗಲು ಹಿಡಿದು ಅವರವರ ಜಾಗಕ್ಕೆ ನಿಲ್ಲಿಸತೊಡಗಿದ.

ಕೆಲವು ವಾರಗಳಾದ ಮೇಲೆ ಮಗುವಿನ ತಾಯಿ ಕೇಳಿದಳು. “ಅಕ್ಕೋರೇ, ನೀವು ‘ಹ್ಯಾವ್’ ಅಂದ್ರೆ ಇದೆ ಅಂದ್ರಿ. ಇತ್ತು ಅನ್ನೋಕೆ ಎಂತ ಅಂಬ್ತಾರೆ?”

ಭೂತಕಾಲವನ್ನು ನಾನು ತಡವಾಗಿ ಹೇಳಿಕೊಡೋಣವೆಂದಿದ್ದೆ. ಆ ದಿನವೇ ‘ಹ್ಯಾಡ್’ ಬರೆದೆ. ತಮ್ಮಲ್ಲಿ ಏನೇನಿತ್ತು ಎಂದು ಒಬ್ಬೊಬ್ಬರೂ ಹೇಳಬೇಕು ಎಂದೆ. ‘ಐ ಹ್ಯಾಡ್ ಎ ಕೌ.’ ‘ಐ ಹ್ಯಾಡ್ ಎ ಹೌಸ್.’ ದೋಣಿಯಣ್ಣನ ಸರದಿ ಬಂದಾಗ ಅವನು, ದೋಣಿಗೆ ಏನೆನ್ನುತ್ತಾರೆಂದು ಗೊತ್ತಿದ್ದರೂ, ‘ಐ ಹ್ಯಾಡ್ ಎ ರಿವರ್’ ಎಂದ. ನದಿ ಯಾರೊಬ್ಬರದೂ ಆಗುವುದಿಲ್ಲ, ‘ಬೋಟ್’ ಅನ್ನಿ ಎಂದು ತಿದ್ದಿದೆ. ಅವನು ಒಪ್ಪಲಿಲ್ಲ.

ದಿನ ಕಳೆದಂತೆ ವಾಕ್ಯಗಳು ನಿಂತವು. ನಮಗೆ ಗದ್ದೆ ಇತ್ತು. ಇಲ್ಲಿ ಕಲ್ಲಿದೆ. ಬಾವಿಯಲ್ಲಿ ನೀರಿಲ್ಲ. ಕೆರೆಯ ಕೆಳಗಿನ ಜಾಗ ನಮಗೆ ಕೊಡಿ. ದೋಣಿಯಣ್ಣ ಇವನ್ನು ಬಾಯಿಪಾಠ ಹೇಳದೆ, ನಾನು ಹೇಗೆ ತಿರುಗಿಸಿ ಕೇಳಿದರೂ ಹಾಗೆ ತಿರುಗಿಸಿ ಉತ್ತರ ಕೊಡುವಷ್ಟು ಬೆಳೆದ. ಓದುವುದನ್ನೂ ಬರೆಯುವುದನ್ನೂ ಕಲಿತ. ಸಾಹೇಬರ ಮುಂದೆ ಅವನೇ ಮಾತಾಡುವುದೆಂದು ಯಜಮಾನರು ಎಲ್ಲರೆದುರು ಹೇಳಿದರು. ಅವತ್ತು ನನಗೆ ಹೆಮ್ಮೆ ಅನ್ನಿಸಿತ್ತು.

ಸಾಹೇಬರು ಬರುವ ಸುದ್ದಿ ಬಂದ ಹೊತ್ತಿಗೆ ಒಂದು ಭಾನುವಾರ ದೋಣಿಯಣ್ಣನೂ ಅವನೊಂದಿಗೆ ನಾಲ್ಕಾರು ಜನರೂ ತರಗತಿಗೆ ಬಂದಿರಲಿಲ್ಲ. ಅಧ್ಯಕ್ಷರು ಅವರನ್ನು ಅಣೆಕಟ್ಟಿನ ಕೆಲಸ ತೋರಿಸಲು ಕರೆದೊಯ್ದಿದ್ದಾರೆ ಎಂದು ಉಳಿದವರು ಹೇಳಿದರು. ಒಳ್ಳೆಯದೇ ಆಯಿತು, ಕೇಳಿದ ಪದಗಳು ನೆನಪಿರುತ್ತವೆ ಎಂದುಕೊಂಡೆ. ಮುಂದಿನ ವಾರ ‘ಕ್ರೇನ್’, ‘ಸಿಮೆಂಟ್’, ‘ಮೇಟ್’ ಎಂದು ಹೊಸ ಪದಗಳನ್ನು ಅವರು ಬರೆಸಿಕೊಂಡರು. ಯಾರೂ ಬೇರೇನೂ ಹೇಳಲಿಲ್ಲ.

ಸಾಹೇಬರು ಬಂದ ದಿನ ನಾನು ಶಾಲೆಗೆ ರಜೆ ಹಾಕಿ ಹೋಗಿದ್ದೆ. ಮರದ ಕೆಳಗೆ ಕುರ್ಚಿ ಹಾಕಿದ್ದರು. ಸಾಹೇಬರು ವಯಸ್ಸಿನಲ್ಲಿ ನನಗಿಂತ ಹೆಚ್ಚು ದೊಡ್ಡವರಲ್ಲ, ಮೆಲ್ಲಗೆ ಮಾತಾಡುವವರು. ಒಂದು ಪಕ್ಕದಲ್ಲಿ ಶೇಕ್ದಾರರು, ಇನ್ನೊಂದು ಪಕ್ಕದಲ್ಲಿ ಅಧ್ಯಕ್ಷರು. ಕ್ಯಾಂಪೆಲ್ಲ ನೆಲದ ಮೇಲೆ ಕೂತಿತ್ತು. ಯಜಮಾನರು ಒಗೆದ ಪಂಚೆ ಉಟ್ಟು ಎದ್ದು ನಿಂತರು. ದೋಣಿಯಣ್ಣ ಅವರ ಬಲಕ್ಕೆ, ನನ್ನ ತರಗತಿ ಅವನ ಹಿಂದೆ. ನಾನು ತರಗತಿಯ ಹಿಂದೆ.

“ಸ್ವಾಮಿ, ಹೊಳೆ ದಂಡೆ ಮೇಲೆ ನಮಗೆ ಗದ್ದೆ ಇತ್ತು” ಎಂದು ಯಜಮಾನರು ಶುರು ಮಾಡಿದರು. “ಸರ್ಕಾರ ಏಳಿ ಅಂತು, ಎದ್ವಿ. ಇಲ್ಲಿ ನೀರಿಲ್ಲ. ಮಕ್ಕಳು ಮರಿ ಕೊಡ ಹೊತ್ತು ಸೋತವು. ತಾಳಗುಂದದ ಹತ್ರ ಕೆರೆ ಕೆಳಗೆ ಬೀಳು ಬಿದ್ದಿರೋ ನೆಲ ಐತೆ. ಅದನ್ನ ಕೊಟ್ರೆ ನಾವು ಇನ್ಯಾವತ್ತೂ ನಿಮ್ಮ ಮುಂದೆ ಕೈ ಚಾಚಲ್ಲ.”

ಸಾಹೇಬರು ದೋಣಿಯಣ್ಣನ ಕಡೆ ನೋಡಿದರು. ಅವನು ಕೈ ಕಟ್ಟಿಕೊಂಡು ಹೇಳಿದ.

“ಸರ್, ದೇ ಆರ್ ಹ್ಯಾಪಿ ಹಿಯರ್. ದೇ ಡು ನಾಟ್ ವಾಂಟ್ ಟು ಮೂವ್ ಅಗೇನ್. ದೇ ವಾಂಟ್ ವರ್ಕ್.”

ಇಲ್ಲಿ ಸುಖವಾಗಿದ್ದಾರೆ. ಮತ್ತೆ ಎದ್ದು ಹೋಗಲು ಇಷ್ಟವಿಲ್ಲ. ಕೆಲಸ ಬೇಕಂತೆ.

ನನಗೆ ಮೊದಲು ಅನ್ನಿಸಿದ್ದು ಅವನು ಗಾಬರಿಗೆ ಒಂದು ಪದ ಬಿಟ್ಟ ಎಂದು. ತರಗತಿಯಲ್ಲಿ ಒದಗಿಸುವ ಹಾಗೆ ಹಿಂದಿನಿಂದ ಮೆಲ್ಲಗೆ “ನಾಟ್ ಹ್ಯಾಪಿ” ಎಂದೆ. ಅವನು ಕುತ್ತಿಗೆ ಹೊರಳಿಸಿ ನನ್ನನ್ನು ನೋಡಿದ. ಮತ್ತೆ ಮುಂದೆ ತಿರುಗಿ, ಇನ್ನಷ್ಟು ಸ್ಪಷ್ಟವಾಗಿ, ಅದೇ ವಾಕ್ಯವನ್ನು ಅದೇ ರೀತಿ ಹೇಳಿದ. ಅದರಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ‘ಡು ನಾಟ್’ ಅದರ ಜಾಗದಲ್ಲೇ ಇತ್ತು. ಪದಗಳ ಕೊನೆಯಲ್ಲಿ ಬೇಡದ ಸ್ವರವೂ ಇರಲಿಲ್ಲ.

ತರಗತಿಯವರ ಬೆನ್ನುಗಳಷ್ಟೇ ನನಗೆ ಕಾಣುತ್ತಿದ್ದವು. ‘ಹ್ಯಾಪಿ’ ಅಂದರೇನೆಂದು ಅವರೆಲ್ಲರಿಗೂ ಗೊತ್ತು. ಒಂದು ಬೆನ್ನೂ ಅಲ್ಲಾಡಲಿಲ್ಲ.

ನಾನು ಸರ್ಕಾರಿ ನೌಕರಳು. ಸಾಹೇಬರ ಮುಂದೆ ಕರೆಯದೆ ಬಾಯಿ ಹಾಕುವುದೆಂದರೆ ಏನೆಂದು ಗೊತ್ತಿತ್ತು. ಆದರೂ ಮುಂದೆ ಹೋದೆ. ಹಿರಿಯರು ಹೇಳಿದ್ದು ಅದಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಅವರ ಮಾತನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದೆ. ಸಾಹೇಬರು ತಡೆಯದೆ ಕೇಳಿಸಿಕೊಂಡರು. ಶೇಕ್ದಾರರು ಬಗ್ಗಿ ಅವರ ಕಿವಿಯಲ್ಲಿ ಏನೋ ಅಂದರು. ಅಧ್ಯಕ್ಷರು ನಗುತ್ತಲೇ, ಟೀಚರು ಊರಿನಿಂದ ಬರುವವರು, ಬಹಳ ಮೃದು ಮನಸ್ಸಿನವರು ಎಂದರು.

ಸಾಹೇಬರು ಆಗ ನ್ಯಾಯವಾದದ್ದನ್ನೇ ಮಾಡಿದರು. ಇವರೆಲ್ಲ ನಿಮ್ಮ ವಿದ್ಯಾರ್ಥಿಗಳಲ್ಲವೇ, ಇವರನ್ನೇ ಕೇಳುತ್ತೇನೆ ಎಂದು ತರಗತಿಯ ಕಡೆ ತಿರುಗಿ, ನಾವು ಸಾಲಾಗಿ ನಿಂತು ಅಭ್ಯಾಸ ಮಾಡಿದ ಪ್ರಶ್ನೆಯನ್ನೇ ಕೇಳಿದರು. ‘ಆರ್ ಯೂ ಹ್ಯಾಪಿ ಹಿಯರ್?’

“ಯೆಸ್ ಸರ್” ಎಂದ ಮೊದಲನೆಯವನು. “ಯೆಸ್ ಸರ್” ಎಂದ ಪಕ್ಕದವನು. ಹೀಗೆ ಸಾಲು ಮುಗಿಯುತ್ತ ಬಂತು. ಮಗುವಿನ ತಾಯಿ ತಡೆದಳು. ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಸೆರಗಿನಿಂದ ಅರ್ಧ ಬಾಯಿ ಮುಚ್ಚಿಕೊಂಡು ಅವಳೂ ಅದನ್ನೇ ಅಂದಳು.

ಯಜಮಾನರಿಗೆ ಇದ್ಯಾವುದೂ ತಿಳಿದಿರಲಿಲ್ಲ. ತಮ್ಮ ಊರಿನವರು ಒಬ್ಬರ ಹಿಂದೊಬ್ಬರು ಇಂಗ್ಲಿಷಿನಲ್ಲಿ ಉತ್ತರ ಕೊಡುವುದನ್ನು ನೋಡಿ ಅವರ ಮುಖ ಅರಳಿತ್ತು. “ನೋಡ್ರಿ ಅಕ್ಕೋರೇ, ಎಲ್ಲರದೂ ಒಂದೇ ಮಾತು” ಎಂದು ಸಾಹೇಬರಿಗೆ ಕೈ ಮುಗಿದರು.

ನಾನು ಅಲ್ಲೇ, ಎಲ್ಲರಿಗೂ ಕೇಳುವಂತೆ, ಇವರು ಏನು ಹೇಳಿದರೆಂದು ಅವರಿಗೆ ಕನ್ನಡದಲ್ಲಿ ಹೇಳಿದೆ.

ಅವರು ದೋಣಿಯಣ್ಣನನ್ನು ಕೇಳಿದರು. “ಏನೋ, ಹಂಗಂದ್ಯಾ?”

“ಇಲ್ಲ ಯಜಮಾನ್ರೇ. ನೀವು ಹೇಳಿದ್ದೇ ಹೇಳ್ದೆ. ಅಕ್ಕೋರಿಗೆ ಹಿಂದೆ ನಿಂತು ಸರಿಯಾಗಿ ಕೇಳಿಲ್ಲ.”

ಯಜಮಾನರು ನನ್ನನ್ನೂ ಅವನನ್ನೂ ನೋಡಿದರು. ನಾನು ಹೊರಗಿನವಳು. ಅವನು ಅವರ ಕಣ್ಣ ಮುಂದೆ ಹುಟ್ಟಿದವನು. “ಇರ್ಲಿ ಬಿಡಿ ಅಕ್ಕೋರೇ. ನಮ್ಮ ಹುಡುಗ, ಸುಳ್ಳು ಹೇಳಲ್ಲ” ಎಂದರು. ಸಾಹೇಬರು ಎದ್ದಿದ್ದರು. ಜೀಪು ಇಳಿಜಾರಿನಲ್ಲಿ ಇಳಿದು ಹೋಯಿತು.

ಬಸ್ಸಿಗೆ ಹೊರಟಾಗ ಅಧ್ಯಕ್ಷರು ದಾರಿಯವರೆಗೆ ಬಂದರು. ನನ್ನ ಮೇಲೆ ಅವರಿಗೆ ಒಂದಿಷ್ಟೂ ಸಿಟ್ಟಿರಲಿಲ್ಲ. “ಬೇಜಾರು ಮಾಡ್ಕೋಬ್ಯಾಡ್ರಿ ಟೀಚರ್. ನಿಮ್ಮ ಕ್ಲಾಸು ಭಾಳ ಉಪಯೋಗಕ್ಕೆ ಬಂತು” ಎಂದರು. ಆ ಮಾತಿನ ಅರ್ಥ ಕೆಲವೇ ವಾರಗಳಲ್ಲಿ ಎಲ್ಲರಿಗೂ ಗೊತ್ತಾಯಿತು. ಗುಡ್ಡವೇ ಖಾಯಂ ಜಾಗವೆಂದು ಆದೇಶ ಬಂತು. ಮಳೆ ಬೀಳುತ್ತಲೇ ಕೆರೆಯ ಕೆಳಗಿನ ಬೀಳಿನಲ್ಲಿ ಅಧ್ಯಕ್ಷರ ಅಣ್ಣತಮ್ಮಂದಿರ ನೇಗಿಲುಗಳು ಇಳಿದವು. ನನ್ನನ್ನು ಶಾಲೆಗೆ ಬಂದು ಕೇಳಿಕೊಂಡ ದಿನವೇ ಈ ಯೋಚನೆ ಇತ್ತೋ, ನಡುವೆ ಬಂತೋ, ಇವತ್ತಿಗೂ ತಿಳಿಯದು.

ಆದೇಶ ಬಂದ ಮೇಲಿನ ಭಾನುವಾರ ಗುಡ್ಡಕ್ಕೆ ಹೋದೆ. ತರಗತಿಗೆ ಯಾರೂ ಬರಲಿಲ್ಲ. ಯಜಮಾನರು ಒಬ್ಬರೇ ಶೆಡ್ಡಿನ ಕಂಬಕ್ಕೆ ಒರಗಿ ಕೂತಿದ್ದರು. ನಾನೂ ಕೂತೆ. ಅವರು ಹೇಳಿದರು.

“ನಿಮ್ಮ ತಪ್ಪಲ್ಲ ಅಕ್ಕೋರೇ. ಆದ್ರೂ ಹೇಳ್ತೀನಿ. ಶೇಕ್ದಾರ್ರೇ ತಿರುಚಿ ಹೇಳಿದ್ದಿದ್ರೆ, ಸರ್ಕಾರದೋರು ಮೋಸ ಮಾಡಿದ್ರು ಅಂತ ಬೈಕ್ಯಂಡು ಎಲ್ಲರೂ ಒಟ್ಟಿಗೆ ಇರ್ತಿದ್ವಿ. ಈಗ ಯಾರನ್ನ ಬೈಲಿ? ಪಕ್ಕದ ಗುಡಿಸಲಲ್ಲೇ ಇದಾನೆ. ಬೆಳಗೆದ್ರೆ ಮುಖ ನೋಡ್ಬೇಕು.”

ಮತ್ತೆ ಆ ಬಸ್ಸು ಹತ್ತಲಿಲ್ಲ.

ದಸರೆಯ ರಜೆ ಮುಗಿದು ಶಾಲೆ ಶುರುವಾದಾಗ ಒಂದು ಮಧ್ಯಾಹ್ನ ದೋಣಿಯಣ್ಣ ನಮ್ಮ ಶಾಲೆಯ ಜಗುಲಿಯಲ್ಲಿ ನಿಂತಿದ್ದ. ಸವೆದ ಚಪ್ಪಲಿಯನ್ನು ಕೆಳಗೆ ಬಿಟ್ಟಿದ್ದ. ಅಣೆಕಟ್ಟಿನ ಕೆಲಸಕ್ಕೆ ಸೇರಿಸಿಕೊಳ್ಳಬೇಕಾದರೆ ಇಂಗ್ಲಿಷ್ ಬರುತ್ತದೆಂದು ಕಲಿಸಿದವರ ಸರ್ಟಿಫಿಕೇಟು ಬೇಕೆಂದು ಗುಮಾಸ್ತರು ಹೇಳಿದ್ದರಂತೆ.

“ಅಧ್ಯಕ್ಷರೇ ಕೆಲಸ ಕೊಡಿಸ್ತೀನಿ ಅಂದಿರ್ಲಿಲ್ವಾ?” ಎಂದೆ.

“ಕೈಗೇ ಸಿಗ್ತಿಲ್ಲ ಅಕ್ಕೋರೇ.”

ಕೋಪವನ್ನು ನುಂಗಿಕೊಂಡು, ಹೀಗೇಕೆ ಮಾಡಿದಿರಿ ಎಂದು ಕೇಳಿದೆ. ಅವನು ನೆಲ ನೋಡುತ್ತ ಶುರು ಮಾಡಿದವನು ಮಾತು ಮುಗಿಸುವಾಗ ನನ್ನ ಮುಖವನ್ನೇ ನೋಡುತ್ತಿದ್ದ.

“ಕೆರೆ ಕೆಳಗಿನ ಜಾಗ ಖಾತೆ ಇದ್ದೋರಿಗೆ. ಮುಳುಗಿದ ಗದ್ದೆಗೆ ಬದ್ಲು ಗದ್ದೆ. ಕ್ಲಾಸಿಗೆ ಬಂದೋರಲ್ಲಿ ಒಬ್ಬರಿಗಾದ್ರೂ ಖಾತೆ ಇತ್ತಾ? ಎಲ್ಲಾ ಗೇಣಿ ಮಾಡೋರು, ಕೂಲಿಯೋರು. ನಂಗೆ ಹೊಳೆ ಇತ್ತು. ಹೊಳೆಗೆ ಯಾರು ಖಾತೆ ಮಾಡಿಕೊಡ್ತಾರೆ? ಯಜಮಾನ್ರು ಆ ಕಡೆ ಹೋಗಿದ್ರೆ ನಾವು ಮತ್ತೆ ಅವರ ಗದ್ದೆ ಬದೀಗೆ ನಿಲ್ಬೇಕಿತ್ತು. ಇಲ್ಲೇ ಉಳಿದ್ರೆ ಎಲ್ಲರಿಗೂ ಒಂದೇ ಕಲ್ಲು. ಅದ್ರ ಮೇಲೆ ಅಧ್ಯಕ್ಷರು ಕೆಲಸ ಕೊಡಿಸ್ತೀನಿ ಅಂದ್ರು.”

“ಆ ಜಾಗ ಯಾರು ಉಳ್ತಿದ್ದಾರೆ ಗೊತ್ತಾ?”

“ಗೊತ್ತು. ಯಾರಾದ್ರೂ ಉಳೋರೇ. ನಾನಂತೂ ಅಲ್ಲ.”

“ನನಗೆ ಒಂದು ಮಾತು ಹೇಳಬಹುದಿತ್ತು.”

“ಹೇಳಿದ್ರೆ ಕಲಿಸ್ತಿದ್ರಾ?”

ಕಲಿಸುತ್ತಿದ್ದೆ ಎಂದರೆ ಸುಳ್ಳಾಗುತ್ತಿತ್ತು. ಅವನ ಮಾತಿನಲ್ಲಿ ಹುರುಳಿತ್ತು. ಆದರೆ ಕೈ ಮುಗಿದು ನಿಂತ ಯಜಮಾನರ ಅರಳಿದ ಮುಖವೂ ನನ್ನ ಕಣ್ಣ ಮುಂದಿತ್ತು. ಆ ಮುದುಕರನ್ನು ನಂಬಿಸಿದ್ದಕ್ಕೆ ಅವನ ಬಳಿ ಕಾರಣವಿರಬಹುದು, ನನ್ನ ಬಳಿ ಕ್ಷಮೆ ಇರಲಿಲ್ಲ.

ಬೇಡ ಎಂದು ಕಳಿಸಿಬಿಡೋಣವೆನ್ನಿಸಿತು. ಹಾಗೆ ಕಳಿಸಿದರೆ ನಾನೂ ಇದ್ದದ್ದನ್ನು ಇಲ್ಲವೆಂದ ಹಾಗಾಗುತ್ತದೆ. ಅವನಿಗೆ ಇಂಗ್ಲಿಷ್ ಬರುತ್ತಿತ್ತು. ನಾನು ಕಲಿಸಿದ ದೊಡ್ಡವರಲ್ಲಿ ಅವನಷ್ಟು ಚೆನ್ನಾಗಿ ಕಲಿತವರು ಯಾರೂ ಇರಲಿಲ್ಲ. ಒಳಗೆ ಹೋಗಿ ಒಂದು ಹಾಳೆ ತಂದು ಅಲ್ಲೇ ಜಗುಲಿಯ ಕಟ್ಟೆಯ ಮೇಲಿಟ್ಟು ಬರೆದೆ. ಈತ ಇಂಗ್ಲಿಷನ್ನು ಅರ್ಥ ಮಾಡಿಕೊಳ್ಳುತ್ತಾನೆ, ತಪ್ಪಿಲ್ಲದೆ ಮಾತಾಡುತ್ತಾನೆ, ಓದು ಬರಹ ಬಲ್ಲ. ಸಹಿ ಮಾಡಿ ಕೊಟ್ಟೆ.

ಅವನು ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದಿದ. ಕೊನೆಗೆ ಬಂದು ಹಾಳೆ ತಿರುಗಿಸಿ ಹಿಂದೆ ನೋಡಿದ. ಅಲ್ಲಿ ಏನೂ ಇರಲಿಲ್ಲ.

“ನಂಬಿಗಸ್ತ ಅಂತ ಇರ್ಬೇಕಂತೆ ಅಕ್ಕೋರೇ. ಎಲ್ಲರ ಸರ್ಟಿಫಿಕೇಟಲ್ಲೂ ಇರುತ್ತಂತೆ.”

“ನನಗೆ ಗೊತ್ತಿರೋದನ್ನ ಬರೆದಿದ್ದೀನಿ.”

ಅವನು ಮತ್ತೊಮ್ಮೆ, ಮೊದಲ ಸಾಲಿನಿಂದ, ನಿಧಾನವಾಗಿ ಓದಿಕೊಂಡ. ಬರೆಯದೆ ಬಿಟ್ಟದ್ದನ್ನೂ ಓದಬಲ್ಲಷ್ಟು ಅವನಿಗೆ ನಾನು ಕಲಿಸಿದ್ದೆ. ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಬರುತ್ತೇನೆಂದೂ ಹೇಳದೆ ಬಸ್ ಸ್ಟ್ಯಾಂಡಿನ ಕಡೆ ನಡೆದ.